ವ್ಯಸನ: ರೋಗಿಯೊಡನೆ ಮಾತನಾಡುವ ಬಗೆ

ಕೈ ಮುರಿದುಕೊಂಡ ನಲವತ್ತರ ವಯಸ್ಸಿನ ವ್ಯಕ್ತಿಯೊಬ್ಬರು ತಾಲ್ಲೂಕು ಆಸ್ಪತ್ರೆಗೆ ದಾಖಲಾಗಿದ್ದಾರೆ ಎಂದುಕೊಳ್ಳೋಣ. ಹಾಸಿಗೆಯ ಸುತ್ತ ಹೆಂಡತಿ, ಮಾವ ಹಾಗೂ ಊರಿನ ಇಬ್ಬರು ನಿಂತಿದ್ದಾರೆ. ಕೇಸ್ ಶೀಟ್ ತುಂಬಿಸುತ್ತಿರುವವರು ತಲೆ ಎತ್ತದೆಯೇ 'ಕುಡೀತೀಯಾ?' ಎಂದು ಕೇಳುತ್ತಾರೆ. 'ಇಲ್ಲ ಸಾರ್' ಎಂಬ ಉತ್ತರ ಬರುತ್ತದೆ. ಹಾಳೆಯ ಮೇಲೆ ಹಾಗೆಯೇ ದಾಖಲಾಗುತ್ತದೆ. ಮೂರನೆಯ ದಿನದ ರಾತ್ರಿ ಅದೇ ವ್ಯಕ್ತಿಯ ಕೈಗಳು ನಡುಗತೊಡಗುತ್ತವೆ; ಮೈಯೆಲ್ಲ ಬೆವರುತ್ತದೆ; ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆ ಎಂದು ಕೂಗಿಕೊಳ್ಳುತ್ತಾರೆ; ಕೈಗೆ ಹಾಕಿದ ಡ್ರಿಪ್ ಕಿತ್ತೆಸೆದು ಓಡಲು ಯತ್ನಿಸುತ್ತಾರೆ. ಗಾಳಿ ಸೋಕಿರಬೇಕೆಂದು ಮನೆಯವರು ಭಾವಿಸುತ್ತಾರೆ. ತಲೆಗೂ ಪೆಟ್ಟು ಬಿದ್ದಿರಬಹುದೆಂದು ವಾರ್ಡಿನವರು ಶಂಕಿಸುತ್ತಾರೆ.

ನಿಜವಾದ ಕಾರಣ ಬೇರೆಯೇ ಇದೆ. ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ದೇಹಕ್ಕೆ ಮದ್ಯ ಹಠಾತ್ತನೆ ನಿಂತುಹೋಗಿದೆ. ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎಂದು ಕರೆಯುವ ಈ ಸ್ಥಿತಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಮೊದಲ ದಿನವೇ ಸತ್ಯ ತಿಳಿದಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದಿತ್ತು. ರೋಗಿ ಸುಳ್ಳು ಹೇಳಿದರೆಂಬುದು ನಿಜ. ಆದರೆ ನಿಜ ಹೇಳಲು ಅವರಿಗೆ ಅವಕಾಶವೇ ಇರಲಿಲ್ಲವೆಂಬುದೂ ಅಷ್ಟೇ ನಿಜ. ಮದ್ಯ, ತಂಬಾಕು ಹಾಗೂ ಮಾದಕ ವಸ್ತುಗಳ ಬಳಕೆಯ ಬಗ್ಗೆ ರೋಗಿಯೊಡನೆ ಹೇಗೆ ಮಾತನಾಡಬೇಕು ಎಂಬುದು ಕೇವಲ ಸೌಜನ್ಯದ ಪ್ರಶ್ನೆಯಲ್ಲ. ಅದು ರೋಗನಿದಾನದ ಭಾಗ, ಚಿಕಿತ್ಸೆಯ ಮೊದಲ ಹೆಜ್ಜೆ.

ಸಮಸ್ಯೆಯ ವ್ಯಾಪ್ತಿ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯದಿಂದ ಉಂಟಾದ ತೊಂದರೆಗಳಿಗೆ ನೆರವು ಬೇಕಾಗಿದೆ. ಆದರೆ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೊಂದು ಚಿಕಿತ್ಸೆ ಪಡೆದಿರುವುದಾಗಿ ಹೇಳಿದ್ದಾರೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು.

ಉಳಿದವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂದಲ್ಲ. ಹೊಟ್ಟೆನೋವು, ಕಾಮಾಲೆ, ರಕ್ತದೊತ್ತಡ, ನಿದ್ರಾಹೀನತೆ, ಬೈಕಿನಿಂದ ಬಿದ್ದ ಗಾಯ, ಕ್ಷಯ ಎಂದು ಅವರು ಬರುತ್ತಲೇ ಇರುತ್ತಾರೆ. ಬಂದ ಕಾಯಿಲೆಗೆ ಔಷಧ ಪಡೆದು ಮರಳುತ್ತಾರೆ. ಮೂಲದಲ್ಲಿರುವ ಸಂಗತಿ ಮಾತಿಗೆ ಬರುವುದೇ ಇಲ್ಲ. ಆದ್ದರಿಂದ ಈ ವಿಷಯ ಮನೋವೈದ್ಯರಿಗಷ್ಟೇ ಸೀಮಿತವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು, ಔಷಧ ಅಂಗಡಿಯವರು ಎಲ್ಲರಿಗೂ ಸಂಬಂಧಿಸಿದ್ದು.

ರೋಗಿ ಏಕೆ ಮುಚ್ಚಿಡುತ್ತಾನೆ?

ಮೊದಲ ಕಾರಣ ನಾಚಿಕೆ. ನಮ್ಮ ಸಮಾಜ ಕುಡಿತವನ್ನು ಕಾಯಿಲೆಗಿಂತ ಹೆಚ್ಚಾಗಿ ನಡತೆಗೇಡೆಂದೇ ಎಣಿಸುತ್ತದೆ. ಎರಡನೆಯದು ಭಯ. ವೈದ್ಯರು ಬೈಯಬಹುದು, ಚಿಕಿತ್ಸೆ ನಿರಾಕರಿಸಬಹುದು, ಮನೆಯವರಿಗೆ ತಿಳಿಸಬಹುದು, ಗಾಂಜಾ ಎಂದೊಡನೆ ಪೊಲೀಸರನ್ನು ಕರೆಸಬಹುದು, ಕೆಲಸಕ್ಕೆ ಕುತ್ತು ಬರಬಹುದು ಎಂಬ ಅಂಜಿಕೆ. ಮೂರನೆಯದು, ಅನೇಕ ವೇಳೆ ರೋಗಿ ಸುಳ್ಳು ಹೇಳುತ್ತಿರುವುದೇ ಇಲ್ಲ. ಕೇಳಿದ ಪ್ರಶ್ನೆಗೂ ಅವನ ಬಳಕೆಗೂ ಹೊಂದಿಕೆಯಾಗಿರುವುದಿಲ್ಲ.

ಈ ಮೂರನೆಯ ಕಾರಣಕ್ಕೆ ಕರ್ನಾಟಕದಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ರಾಜ್ಯದಲ್ಲಿ 2007ರ ಜುಲೈನಿಂದ ಸಾರಾಯಿ ಮಾರಾಟ ನಿಷೇಧಗೊಂಡಿದೆ. 'ಸಾರಾಯಿ ಕುಡೀತೀರಾ?' ಎಂದು ಕೇಳಿದರೆ ದಿನವೂ ವಿಸ್ಕಿಯ ಸಣ್ಣ ಟೆಟ್ರಾ ಪ್ಯಾಕ್ ಕೊಳ್ಳುವವರು 'ಇಲ್ಲ' ಎಂದೇ ಹೇಳುತ್ತಾರೆ; ಅದು ನಿಜವೂ ಹೌದು. ಬಿಯರ್ ಕುಡಿಯುವ ಯುವಕನಿಗೆ ತಾನು 'ಮದ್ಯಪಾನಿ' ಎಂದು ಅನ್ನಿಸುವುದೇ ಇಲ್ಲ. ಹೆಂಡ, ಸೇಂದಿ, ಕಳ್ಳು ಕೆಲವರ ಪಾಲಿಗೆ ಮದ್ಯವಲ್ಲ, ತಂಪು ಪಾನೀಯ. ಕೊಡಗಿನ ಮದುವೆ, ಹಬ್ಬಗಳಲ್ಲಿ ಮದ್ಯ ಆತಿಥ್ಯದ ಅಂಗ. ಅಲ್ಲಿ ಕುಡಿಯುವುದು ಮುಚ್ಚಿಡುವ ಸಂಗತಿಯೇ ಅಲ್ಲ, ಪ್ರಮಾಣವನ್ನು ಕುರಿತು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಉತ್ತರ ಕರ್ನಾಟಕದ ಕೆಲವು ಪಂಥಗಳಲ್ಲಿ ಗಾಂಜಾ ಸೇವನೆಗೆ ಧಾರ್ಮಿಕ ಅರ್ಥವಿದೆ. ಹಳೆಯ ಮೈಸೂರು ಸೀಮೆಯ ಅಜ್ಜಿಗೆ 'ತಂಬಾಕು ಬಳಸುತ್ತೀರಾ?' ಎಂಬ ಪ್ರಶ್ನೆ ಪರಕೀಯ. 'ಎಲೆ ಅಡಿಕೆ ಜತೆ ಹೊಗೆಸೊಪ್ಪು ಹಾಕ್ಕೋತೀರಾ ಅಮ್ಮಾ, ಕಡ್ಡಿಪುಡಿ ಹಾಕ್ಕೋತೀರಾ?' ಎಂದರೆ ಸಂಕೋಚವಿಲ್ಲದೆ 'ಊಂ ಕಣಪ್ಪಾ, ಊಟ ಆದ್ಮೇಲೆ ಬೇಕೇ ಬೇಕು' ಎನ್ನುತ್ತಾರೆ.

ಊರಿನಲ್ಲಿ ಆ ವಸ್ತುವಿಗೆ ಯಾವ ಹೆಸರಿದೆಯೋ ಅದೇ ಹೆಸರಿನಿಂದ, ಒಂದೊಂದನ್ನೂ ಬೇರೆಬೇರೆಯಾಗಿ ಕೇಳಬೇಕು ಎಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ.

ಪದಗಳ ಭಾರ

ಕನ್ನಡದಲ್ಲಿ ವ್ಯಸನವನ್ನು ಕುರಿತ ಬಹುತೇಕ ಪದಗಳು ತೀರ್ಪನ್ನು ತಮ್ಮೊಳಗೇ ಹೊತ್ತಿವೆ. 'ದುಶ್ಚಟ' ಎಂಬಲ್ಲಿ ಮೊದಲ ಅಕ್ಷರವೇ ಖಂಡನೆ. 'ಕುಡುಕ', 'ಗಾಂಜಾ ಗಿರಾಕಿ', 'ಚಟಗಾರ' ಎಂಬ ಪದಗಳು ವ್ಯಕ್ತಿಯ ಒಂದು ಅಭ್ಯಾಸವನ್ನು ಅವನ ಸಂಪೂರ್ಣ ಗುರುತನ್ನಾಗಿ ಮಾಡಿಬಿಡುತ್ತವೆ. ಮಧುಮೇಹ ಇರುವವರನ್ನು ನಾವು ಯಾವ ಅವಹೇಳನದ ಹೆಸರಿನಿಂದಲೂ ಕರೆಯುವುದಿಲ್ಲ.

ಪದಗಳ ಪರಿಣಾಮ ವೈದ್ಯರ ಮೇಲೂ ಆಗುತ್ತದೆ. ಅಮೆರಿಕದಲ್ಲಿ ಜಾನ್ ಕೆಲ್ಲಿ ಮತ್ತು ಕ್ಯಾಸಾಂಡ್ರಾ ವೆಸ್ಟರ್‌ಹಾಫ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐನೂರಕ್ಕೂ ಹೆಚ್ಚು ಮಾನಸಿಕ ಆರೋಗ್ಯ ವೃತ್ತಿಪರರಿಗೆ ಒಬ್ಬನೇ ವ್ಯಕ್ತಿಯ ವಿವರವನ್ನು ಎರಡು ಬಗೆಯಲ್ಲಿ ನೀಡಲಾಯಿತು. ಒಂದರಲ್ಲಿ ಅವನನ್ನು 'ಮಾದಕ ವಸ್ತು ದುರ್ಬಳಕೆದಾರ' ಎಂದು, ಮತ್ತೊಂದರಲ್ಲಿ 'ಮಾದಕ ವಸ್ತು ಬಳಕೆಯ ಕಾಯಿಲೆ ಇರುವವನು' ಎಂದು ಕರೆಯಲಾಗಿತ್ತು. ಉಳಿದ ವಿವರಗಳೆಲ್ಲ ಒಂದೇ. ಮೊದಲ ವಿವರ ಓದಿದವರು ತಪ್ಪು ಅವನದೇ ಎಂದೂ ಅವನಿಗೆ ದಂಡನೆಯ ಕ್ರಮವೇ ತಕ್ಕದ್ದೆಂದೂ ಭಾವಿಸುವ ಕಡೆಗೆ ಹೆಚ್ಚು ವಾಲಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ತನ್ನ ರೋಗ ವರ್ಗೀಕರಣದ ಐದನೆಯ ಆವೃತ್ತಿಯಲ್ಲಿ 'ದುರ್ಬಳಕೆ' ಎಂಬ ವಿಭಾಗವನ್ನೇ ಕೈಬಿಟ್ಟಿತು.

ಕನ್ನಡದಲ್ಲಿ 'ಮದ್ಯವ್ಯಸನದ ಕಾಯಿಲೆ ಇರುವವರು', 'ಕುಡಿತದಿಂದ ತೊಂದರೆ ಅನುಭವಿಸುತ್ತಿರುವವರು' ಎಂಬ ಬಳಕೆಗಳು ಸುಲಭವಾಗಿ ಒಗ್ಗುತ್ತವೆ. ಕೇಸ್ ಶೀಟಿನಲ್ಲಿಯೂ 'ರೋಗಿ ಕುಡುಕ' ಎನ್ನುವುದಕ್ಕಿಂತ 'ಹತ್ತು ವರ್ಷಗಳಿಂದ ದಿನಕ್ಕೆ 180 ಮಿ.ಲೀ. ವಿಸ್ಕಿ ಸೇವನೆ' ಎಂದು ಬರೆಯುವುದು ಗೌರವಯುತವಷ್ಟೇ ಅಲ್ಲ, ಮುಂದೆ ನೋಡುವ ವೈದ್ಯರಿಗೆ ಹೆಚ್ಚು ಉಪಯುಕ್ತವೂ ಹೌದು.

ಏಕವಚನ, ಬಹುವಚನದ ವಿಚಾರವೂ ಇಲ್ಲಿ ಮುಖ್ಯ. ಕುಡಿದವನೆಂದು ತಿಳಿದೊಡನೆ 'ನೀವು' ಎನ್ನುತ್ತಿದ್ದ ಬಾಯಿ ತಾನಾಗಿಯೇ 'ನೀನು' ಎನ್ನತೊಡಗುವುದನ್ನು ಆಸ್ಪತ್ರೆಗಳಲ್ಲಿ ಕಾಣಬಹುದು. ರೋಗಿ ಇದನ್ನು ಕೂಡಲೇ ಗುರುತಿಸುತ್ತಾನೆ. ಉತ್ತರ ಕರ್ನಾಟಕದ 'ರೀ' ಇರಲಿ, ದಕ್ಷಿಣದ 'ನೀವು' ಇರಲಿ, ಪ್ರಶ್ನೆಗೆ ಮೊದಲು ಇದ್ದ ಮರ್ಯಾದೆ ಉತ್ತರದ ನಂತರವೂ ಉಳಿಯಬೇಕು.

ಕೇಳುವ ಮುನ್ನ

ಏಕಾಂತವಿಲ್ಲದೆ ಸತ್ಯ ಹೊರಬರುವುದಿಲ್ಲ. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಪ್ರತ್ಯೇಕ ಕೊಠಡಿ ಸಿಗುವುದು ಕಷ್ಟವೆಂಬುದು ದಿಟ. ಆದರೆ 'ಸ್ವಲ್ಪ ಹೊರಗೆ ಕೂತಿರಿ, ಪರೀಕ್ಷೆ ಮಾಡಿ ಕರೀತೀನಿ' ಎಂದು ಜತೆಗೆ ಬಂದವರನ್ನು ಎರಡು ನಿಮಿಷ ಕಳುಹಿಸುವುದು ಎಲ್ಲೆಡೆಯೂ ಸಾಧ್ಯ. ಅದೂ ಆಗದಿದ್ದರೆ ಪರದೆ ಎಳೆದು, ತಗ್ಗಿದ ದನಿಯಲ್ಲಿ ಕೇಳಬಹುದು. ನಿಂತುಕೊಂಡು ಕೇಳುವುದಕ್ಕಿಂತ ಕುಳಿತು ಕೇಳುವುದು ಲೇಸು.

ಕೇಳಲು ಕಾರಣವೇನೆಂದು ಮೊದಲೇ ತಿಳಿಸಬೇಕು. ಉದಾಹರಣೆಗೆ: 'ಇಲ್ಲಿಗೆ ಬರುವ ಎಲ್ಲರನ್ನೂ ನಾನು ಇದನ್ನು ಕೇಳ್ತೀನಿ. ನಾಳೆ ನಿಮಗೆ ಅರಿವಳಿಕೆ ಕೊಡಬೇಕು. ಮದ್ಯ, ಬೀಡಿ, ನಿದ್ದೆ ಮಾತ್ರೆ ಇಂಥದ್ದು ಏನಾದರೂ ಇದ್ದರೆ ಔಷಧಿ ಲೆಕ್ಕ ಬದಲಾಗುತ್ತೆ. ಅದಕ್ಕೇ ಕೇಳ್ತಿದ್ದೀನಿ. ಕೇಳಬಹುದಾ?' ಎಲ್ಲರನ್ನೂ ಕೇಳುವುದರಿಂದ ಯಾರಿಗೂ ಅವಮಾನವೆನಿಸುವುದಿಲ್ಲ. ಕಾರಣ ಚಿಕಿತ್ಸೆಗೆ ಸಂಬಂಧಿಸಿದ್ದಾದ್ದರಿಂದ ವಿಚಾರಣೆ ಎನಿಸುವುದಿಲ್ಲ. ಒಪ್ಪಿಗೆ ಕೇಳಿದ್ದರಿಂದ ಮಾತು ರೋಗಿಯ ಕೈಯಲ್ಲಿರುತ್ತದೆ.

ಕೇಳುವ ಕ್ರಮ

'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಬೇಡುವ ಪ್ರಶ್ನೆ ಈ ವಿಷಯದಲ್ಲಿ 'ಇಲ್ಲ' ಎಂಬಲ್ಲಿಗೇ ಮುಗಿಯುವುದು ಹೆಚ್ಚು. ಊಟ, ನಿದ್ದೆ, ಕೆಲಸದ ವಿಚಾರದಿಂದ ಆರಂಭಿಸಿ ಕಾಫಿ, ಚಹಾ, ಎಲೆ-ಅಡಿಕೆ, ಬೀಡಿ-ಸಿಗರೇಟು, ಮದ್ಯ, ಅನಂತರ ಮಾತ್ರೆಗಳು, ಗಾಂಜಾ, ಇಂಜೆಕ್ಷನ್ ಎಂದು ಸಾಮಾನ್ಯವಾದದ್ದರಿಂದ ಸೂಕ್ಷ್ಮವಾದದ್ದಕ್ಕೆ ಸಾಗುವುದು ಉತ್ತಮ ಕ್ರಮ. 'ದಿನದ ಕೆಲಸ ಮುಗಿದ ಮೇಲೆ ಆಯಾಸಕ್ಕೆ ಏನು ಮಾಡ್ತೀರಿ?' ಎಂಬ ಪ್ರಶ್ನೆ ಗಾರೆ ಕೆಲಸದವರಿಂದ ಹಿಡಿದು ಸಾಫ್ಟ್‌ವೇರ್ ಉದ್ಯೋಗಿಯವರೆಗೆ ಎಲ್ಲರಿಗೂ ಹೊಂದುತ್ತದೆ.

ಬಳಕೆ ಇದೆಯೆಂದು ತಿಳಿದ ಮೇಲೆ ಐದು ಸಂಗತಿಗಳು ಬೇಕು: ಏನು, ಎಷ್ಟು, ಎಷ್ಟು ದಿನಕ್ಕೊಮ್ಮೆ, ಎಷ್ಟು ವರ್ಷಗಳಿಂದ ಮತ್ತು ಕೊನೆಯ ಬಾರಿ ಯಾವಾಗ. ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಮದ್ಯ ನಿಂತ ಮೇಲಿನ ಅಪಾಯಗಳ ಗಡಿಯಾರ ಓಡಲಾರಂಭಿಸುವುದು ಆ ಕ್ಷಣದಿಂದಲೇ. ಇದರ ಜತೆಗೆ 'ಹಿಂದೆ ಕುಡಿಯೋದು ನಿಲ್ಲಿಸಿದಾಗ ಕೈ ನಡುಕ, ಫಿಟ್ಸ್ ಏನಾದರೂ ಬಂದಿತ್ತಾ?' ಎಂದು ಕೇಳಲೇಬೇಕು.

'ಸ್ವಲ್ಪ' ಎಂಬ ಅಳತೆ

'ಎಷ್ಟು?' ಎಂಬುದಕ್ಕೆ ಬರುವ ಉತ್ತರ ಬಹುತೇಕ 'ಸ್ವಲ್ಪ'. ಆ ಮಾತಿಗೆ ಅರ್ಥ ಬರಬೇಕಾದರೆ ಅಂಗಡಿಯ ಅಳತೆಯಲ್ಲೇ ಮಾತನಾಡಬೇಕು. 'ದಿನಕ್ಕೆ ನೈಂಟಿನಾ, ಕ್ವಾರ್ಟರಾ, ಹಾಫ್ ಬಾಟ್ಲಾ?' ಎಂದು ಸಹಜ ದನಿಯಲ್ಲಿ ಕೇಳಿದರೆ ಉತ್ತರ ನಿಖರವಾಗಿ ಬರುತ್ತದೆ. ದೊಡ್ಡ ಪ್ರಮಾಣವನ್ನೂ ವೈದ್ಯರೇ ಹೆಸರಿಸಿದಾಗ, ಅದನ್ನು ಕೇಳಿ ಇವರು ಬೆಚ್ಚಿಬೀಳುವುದಿಲ್ಲವೆಂಬ ಧೈರ್ಯ ರೋಗಿಗೆ ಬರುತ್ತದೆ.

ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ಮಾನ 10 ಗ್ರಾಂ ಶುದ್ಧ ಆಲ್ಕೋಹಾಲ್. ಇದನ್ನು ಒಂದು ಯೂನಿಟ್ ಎನ್ನುತ್ತಾರೆ. ವಿಸ್ಕಿ, ಬ್ರಾಂದಿ, ರಮ್‌ಗಳ 30 ಮಿ.ಲೀ. ಸುಮಾರು ಒಂದು ಯೂನಿಟ್. ಹಾಗಾಗಿ 90 ಮಿ.ಲೀ. ಎಂದರೆ 3 ಯೂನಿಟ್, 180 ಮಿ.ಲೀ. ಕ್ವಾರ್ಟರ್ ಎಂದರೆ 6 ಯೂನಿಟ್. 650 ಮಿ.ಲೀ. ಬಾಟಲಿಯ ಶೇ. 5ರ ಬಿಯರ್‌ನಲ್ಲಿ ಸುಮಾರು ಎರಡೂವರೆ ಯೂನಿಟ್, ಶೇ. 8ರ ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 4 ಯೂನಿಟ್ ಇರುತ್ತದೆ. 'ನಾನು ಬರೀ ಬಿಯರ್' ಎನ್ನುವವರು ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿದರೆ ಅದು ಒಂದು ಕ್ವಾರ್ಟರಿಗಿಂತ ಹೆಚ್ಚೇ ಆಯಿತು. ಈ ಲೆಕ್ಕವನ್ನು ರೋಗಿಯ ಮುಂದೆಯೇ ಕಾಗದದ ಮೇಲೆ ಮಾಡಿ ತೋರಿಸಿದರೆ ಉಪದೇಶಕ್ಕಿಂತ ಹೆಚ್ಚು ಪರಿಣಾಮವಾಗುತ್ತದೆ.

ಸಿದ್ಧ ಪ್ರಶ್ನಾವಳಿಗಳು

ಹೊಸದಾಗಿ ಕೇಳಲು ಕಲಿಯುವವರಿಗೆ ಸಿದ್ಧ ಪ್ರಶ್ನಾವಳಿಗಳು ಊರುಗೋಲಿದ್ದಂತೆ. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ 'ಕೇಜ್' ಪ್ರಶ್ನಾವಳಿಯಲ್ಲಿ ನಾಲ್ಕೇ ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೆ? ಕುಡಿತದ ಬಗ್ಗೆ ಇತರರು ಆಡಿದ ಮಾತಿನಿಂದ ಬೇಸರವಾಗಿದೆಯೆ? ತಪ್ಪು ಮಾಡುತ್ತಿರುವೆನೆಂಬ ಭಾವನೆ ಬಂದಿದೆಯೆ? ಬೆಳಗ್ಗೆ ಎದ್ದ ಕೂಡಲೇ ನಡುಕ ತಡೆಯಲು ಅಥವಾ ಚೇತರಿಸಿಕೊಳ್ಳಲು ಕುಡಿದದ್ದುಂಟೆ? ಎರಡಕ್ಕೆ 'ಹೌದು' ಎಂದರೆ ಹೆಚ್ಚಿನ ವಿಚಾರಣೆ ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳು, ಒಟ್ಟು 40 ಅಂಕಗಳು; 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಮಟ್ಟದಲ್ಲಿದೆ ಎಂದು ತಿಳಿಯಬೇಕು. ತಂಬಾಕು, ಗಾಂಜಾ, ನಿದ್ರೆ ಮಾತ್ರೆ, ಅಫೀಮು ವರ್ಗದ ವಸ್ತುಗಳನ್ನೂ ಒಳಗೊಂಡು ಕೇಳಲು ಅದೇ ಸಂಸ್ಥೆಯ 'ಅಸಿಸ್ಟ್' ಎಂಬ ಪ್ರಶ್ನಾವಳಿಯಿದೆ. ಆದರೆ ಪ್ರಶ್ನಾವಳಿಯನ್ನು ಜನಗಣತಿಯಂತೆ ಓದಿ ಮುಗಿಸಿದರೆ ಪ್ರಯೋಜನವಿಲ್ಲ. ಕಾಗದದಿಂದ ಆಗಾಗ ಕಣ್ಣೆತ್ತಿ, ರೋಗಿ ತಡವರಿಸಿದಲ್ಲಿ ನಿಂತು ಮುಂದುವರಿಯಬೇಕು.

ಉತ್ತರ ಬಂದ ಮೇಲೆ

ರೋಗಿ ನಿಜ ಹೇಳಿದ ಮರುಕ್ಷಣ ವೈದ್ಯರ ಮುಖದಲ್ಲಿ ಕಾಣುವ ಭಾವ ಮುಂದಿನ ಎಲ್ಲ ಮಾತನ್ನೂ ನಿರ್ಧರಿಸುತ್ತದೆ. 'ಅಯ್ಯೋ, ಅಷ್ಟೊಂದಾ?' ಎಂಬ ಉದ್ಗಾರ, 'ಹೆಂಡತಿ ಮಕ್ಕಳ ಮುಖ ನೋಡಬಾರದೇನ್ರೀ?' ಎಂಬ ಛೀಮಾರಿ, 'ಹೀಗೇ ಕುಡಿದ್ರೆ ಆರು ತಿಂಗಳಲ್ಲಿ ಹೋಗ್ತೀರ' ಎಂಬ ಬೆದರಿಕೆ, ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಬರುವ ಮಾತುಗಳು. ಆದರೆ ರೋಗಿ ಅವನ್ನೆಲ್ಲ ಮನೆಯಲ್ಲಿ ಈಗಾಗಲೇ ನೂರು ಬಾರಿ ಕೇಳಿದ್ದಾನೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಪ್ತಸಮಾಲೋಚಕರು ಎಷ್ಟು ಹೆಚ್ಚಾಗಿ ರೋಗಿಯನ್ನು ಎದುರಿಸಿ ವಾದಿಸಿದ್ದರೋ ಒಂದು ವರ್ಷದ ಬಳಿಕ ಆ ರೋಗಿ ಅಷ್ಟೇ ಹೆಚ್ಚಾಗಿ ಕುಡಿಯುತ್ತಿದ್ದುದು ಕಂಡುಬಂತು. ವಾದಕ್ಕಿಳಿದ ರೋಗಿ ತನ್ನ ಕುಡಿತವನ್ನೇ ಸಮರ್ಥಿಸಿಕೊಳ್ಳಬೇಕಾಗುತ್ತದೆ. ಸಮರ್ಥಿಸಿದಷ್ಟೂ ಅದು ಗಟ್ಟಿಯಾಗುತ್ತದೆ.

ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನ ಎಂಬ ವಿಧಾನ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಬದಲಾವಣೆಗೆ ಕಾರಣಗಳನ್ನು ವೈದ್ಯರು ಹೇಳುವುದಿಲ್ಲ. ರೋಗಿಯ ಬಾಯಿಂದಲೇ ಹೊರಡಿಸುತ್ತಾರೆ. ಹತ್ತು ನಿಮಿಷದ ಭೇಟಿಯಲ್ಲಿಯೂ ಬಳಸಬಹುದಾದ ಕೆಲವು ಮಾತುಗಳು ಇಲ್ಲಿವೆ.

'ಕುಡಿಯೋದರಿಂದ ನಿಮಗೆ ಏನು ಸಿಗುತ್ತೆ?' ಈ ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಮೈಕೈ ನೋವು, ನಿದ್ದೆ ಬಾರದಿರುವುದು, ಸಾಲದ ಚಿಂತೆ, ಸತ್ತ ಮಗನ ನೆನಪು ಇಂಥ ಸಂಗತಿಗಳು ಹೊರಬರುವುದು ಇಲ್ಲಿಯೇ. ಆ ಬಳಿಕ 'ಅದರಿಂದ ತೊಂದರೆ ಅನ್ನಿಸಿದ್ದು ಯಾವಾಗ?' ಎಂದು ಕೇಳಬಹುದು.

'ಬಿಡಬೇಕು ಅನ್ನೋ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?' ರೋಗಿ 'ಮೂರು' ಎಂದರೆ, 'ಅಷ್ಟು ಕಡಿಮೆ ಯಾಕೆ?' ಎನ್ನದೆ 'ಸೊನ್ನೆ ಅನ್ನಲಿಲ್ಲವಲ್ಲ, ಆ ಮೂರು ಎಲ್ಲಿಂದ ಬಂತು?' ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಕುಡಿತದ ಸಮರ್ಥನೆ ಉತ್ತರವಾಗಿ ಬರುತ್ತದೆ; ಎರಡನೆಯದಕ್ಕೆ ಬಿಡಲು ಇರುವ ಕಾರಣಗಳು ಬರುತ್ತವೆ.

'ಮಾಲೆ ಹಾಕಿದಾಗ ಹೇಗಿದ್ರಿ?' ಅಯ್ಯಪ್ಪ ವ್ರತದ 41 ದಿನ ಮದ್ಯ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ. ತನ್ನಿಂದ ಸಾಧ್ಯವೇ ಇಲ್ಲ ಎನ್ನುವವನಿಗೆ, ಆಗಲೇ ಒಮ್ಮೆ ಮಾಡಿ ತೋರಿಸಿದ್ದನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆ ದಿನಗಳಲ್ಲಿ ಏನು ನೆರವಾಯಿತು, ಸಂಜೆಯ ಹೊತ್ತು ಹೇಗೆ ಕಳೆಯಿತು, ಮತ್ತೆ ಆರಂಭವಾದದ್ದು ಎಲ್ಲಿ ಎಂಬ ವಿವರಗಳಲ್ಲಿ ಅವನ ಚಿಕಿತ್ಸೆಯ ಸುಳಿವುಗಳಿರುತ್ತವೆ. ನಿಲ್ಲಿಸಿದ ಮೊದಲ ದಿನಗಳಲ್ಲಿ ನಡುಕವೋ ಫಿಟ್ಸೋ ಬಂದಿತ್ತೇ ಎಂಬುದೂ ಇಲ್ಲಿಯೇ ತಿಳಿಯುತ್ತದೆ.

ಮಾಹಿತಿ ಕೊಡುವಾಗಲೂ ಒಂದು ಕ್ರಮವಿದೆ. ಮೊದಲು 'ಲಿವರ್ ಬಗ್ಗೆ ನಿಮಗೆ ಏನು ಗೊತ್ತು?' ಎಂದು ಕೇಳಿ, ಆಮೇಲೆ ರೋಗಿಯದೇ ರಕ್ತ ಪರೀಕ್ಷೆಯ ವರದಿ ತೋರಿಸಿ ಎರಡು ಮಾತಿನಲ್ಲಿ ವಿವರಿಸಿ, ಕೊನೆಗೆ 'ಇದನ್ನು ಕೇಳಿ ಏನನ್ನಿಸಿತು?' ಎಂದು ಮತ್ತೆ ಅವರಿಗೇ ಮಾತು ಬಿಡಬೇಕು. ಅಂದೇ ನಿರ್ಧಾರ ಆಗಲೇಬೇಕೆಂಬ ಹಟ ಬೇಡ. 'ಯೋಚನೆ ಮಾಡಿ. ಮುಂದಿನ ವಾರ ಬಂದಾಗ ಮಾತಾಡೋಣ' ಎಂಬಲ್ಲಿಗೆ ನಿಲ್ಲಿಸಿದರೂ ಬಾಗಿಲು ತೆರೆದಿರುತ್ತದೆ.

'ಇವತ್ತೇ ಬಿಟ್ಟುಬಿಡಿ' ಎನ್ನುವ ಮೊದಲು

ದಿನವೂ ಹೆಚ್ಚು ಕುಡಿಯುವವರಿಗೆ ವೈದ್ಯಕೀಯ ನೆರವಿಲ್ಲದೆ 'ನಾಳೆಯಿಂದ ಮುಟ್ಟಬೇಡಿ' ಎಂದು ಹೇಳಿ ಕಳುಹಿಸುವುದು ಅಪಾಯಕಾರಿ. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳೊಳಗೆ ಕೈ ನಡುಕ, ಬೆವರು, ವಾಕರಿಕೆ, ಚಡಪಡಿಕೆ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಾಧ್ಯತೆ ಇದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಕಾಣಿಸಿಕೊಳ್ಳುತ್ತದೆ. ಗೊಂದಲ, ನಡಿಗೆಯಲ್ಲಿ ತೂರಾಟ, ಕಣ್ಣಿನ ಚಲನೆಯಲ್ಲಿ ವ್ಯತ್ಯಾಸ ಕಂಡರೆ ಥಯಮಿನ್ ಜೀವಸತ್ವದ ತೀವ್ರ ಕೊರತೆಯನ್ನು ಶಂಕಿಸಬೇಕು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಅದು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯಬೇಕು.

ಇದನ್ನು ರೋಗಿಗೆ ಹೀಗೆ ತಿಳಿಸಬಹುದು: 'ನಿಮ್ಮ ಮೈ ಇದಕ್ಕೆ ಒಗ್ಗಿಹೋಗಿದೆ. ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಆಗಬಹುದು. ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಔಷಧಿ ಕೊಟ್ಟು ಸುರಕ್ಷಿತವಾಗಿ ನಿಲ್ಲಿಸೋಣ.' ಹಿಂದೆ ತಾನಾಗಿಯೇ ಬಿಡಲು ಹೋಗಿ ನಡುಕ ತಾಳಲಾರದೆ ಮತ್ತೆ ಕುಡಿದವರಿಗೆ, ತಾವು ಸೋತದ್ದು ಏಕೆಂದು ಮೊದಲ ಬಾರಿಗೆ ಅರ್ಥವಾಗುವುದು ಇಂಥ ಮಾತಿನಿಂದ.

ಅಫೀಮು ವರ್ಗದ ವಸ್ತು ಬಳಸುವವರಿಗೆ ಮತ್ತೊಂದು ಎಚ್ಚರಿಕೆ ಅಗತ್ಯ. ಕೆಲವು ವಾರ ಬಿಟ್ಟ ಮೇಲೆ ದೇಹದ ಸಹನಶಕ್ತಿ ಇಳಿದಿರುತ್ತದೆ. ಆಗ ಹಿಂದಿನ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರಾಟ ನಿಂತು ಸಾವು ಸಂಭವಿಸಬಹುದು. ಚಿಕಿತ್ಸೆ ಮುಗಿಸಿ ಮನೆಗೆ ಹೊರಡುವವರಿಗೆ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಮನೆಯವರು ಎದುರಿಗಿದ್ದಾಗ

'ಸುಳ್ಳು ಹೇಳ್ತಾರೆ ಡಾಕ್ಟ್ರೇ, ದಿನಾ ಕುಡ್ಕೊಂಡೇ ಬರ್ತಾರೆ' ಎಂದು ಹೆಂಡತಿ ಕಣ್ಣೀರು ಹಾಕಿದಾಗ ವೈದ್ಯರು ನ್ಯಾಯಾಧೀಶರ ಪೀಠ ಏರುವುದು ಸುಲಭ. ಹಾಗೆ ಮಾಡಿದರೆ ರೋಗಿ ಕೈತಪ್ಪುತ್ತಾನೆ. 'ನೀವು ಬಹಳ ಕಷ್ಟಪಟ್ಟಿದ್ದೀರಿ ಅಮ್ಮ, ನಿಮ್ಮ ಹತ್ತಿರವೂ ಮಾತಾಡ್ತೀನಿ' ಎಂದು ಹೇಳಿ ಇಬ್ಬರೊಡನೆಯೂ ಬೇರೆಬೇರೆಯಾಗಿ ಮಾತನಾಡಬೇಕು. ಹೆಂಡತಿಯೊಡನೆ ಏಕಾಂತದಲ್ಲಿ ಮಾತನಾಡುವಾಗ ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಮಕ್ಕಳು ಸುರಕ್ಷಿತವೇ ಎಂಬುದನ್ನು ಕೇಳಲು ಮರೆಯಬಾರದು.

ಕುಟುಂಬದವರಿಗೆ ಸ್ಪಷ್ಟವಾಗಿ ಹೇಳಬೇಕಾದ ಒಂದು ಮಾತಿದೆ. 'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತುಗಳನ್ನು ನಂಬಿ ಊಟದಲ್ಲಿ ಪುಡಿ ಅಥವಾ ಮಾತ್ರೆ ಬೆರೆಸುವವರಿದ್ದಾರೆ. ಡೈಸಲ್ಫಿರಾಂ ಎಂಬ ಔಷಧವನ್ನು ರೋಗಿಗೆ ತಿಳಿಯದಂತೆ ಕೊಟ್ಟು, ಅವನು ಕುಡಿದನೆಂದರೆ ಮುಖ ಕೆಂಪಾಗುವುದು, ವಾಂತಿ, ಎದೆಬಡಿತದಿಂದ ಹಿಡಿದು ರಕ್ತದೊತ್ತಡ ಕುಸಿದು ಜೀವಾಪಾಯವೂ ಆಗಬಹುದು. ರೋಗಿ ಅರಿತು ಒಪ್ಪಿದಾಗ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧ ಅದು. ಇನ್ನು, ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುವ ರೂಢಿಯೂ ಇದೆ. ಆಣೆ ಮುರಿದ ದಿನ ಉಂಟಾಗುವ ಪಾಪಪ್ರಜ್ಞೆ ಅವನನ್ನು ಮತ್ತಷ್ಟು ಬಾಟಲಿಯ ಕಡೆಗೇ ತಳ್ಳಬಹುದು.

ಮಹಿಳೆಯರು ಮತ್ತು ಹದಿಹರೆಯದವರು

2019ರ ಸಮೀಕ್ಷೆಯಲ್ಲಿ ಪುರುಷರಲ್ಲಿ ಶೇ. 27.3ರಷ್ಟು, ಮಹಿಳೆಯರಲ್ಲಿ ಶೇ. 1.6ರಷ್ಟು ಮಂದಿ ಮದ್ಯ ಸೇವಿಸುವುದಾಗಿ ತಿಳಿಸಿದ್ದರು. ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಮಹಿಳೆಯರನ್ನು ಯಾರೂ ಕೇಳುವುದೇ ಇಲ್ಲ. ಕುಡಿಯುವ ಅಥವಾ ನಿದ್ರೆ ಮಾತ್ರೆಗೆ ಒಗ್ಗಿದ ಹೆಣ್ಣುಮಗಳ ಮೇಲೆ ಬೀಳುವ ಕಳಂಕ ಗಂಡಸಿಗಿಂತ ಹಲವು ಪಟ್ಟು ಹೆಚ್ಚಾದ್ದರಿಂದ ಅವರಾಗಿ ಹೇಳುವುದೂ ಇಲ್ಲ. ಗರ್ಭಿಣಿಯನ್ನು ಮದ್ಯ ಹಾಗೂ ಹೊಗೆಸೊಪ್ಪಿನ ಬಗ್ಗೆ ಅತ್ತೆಯ ಎದುರಿಗಲ್ಲದೆ ಪ್ರತ್ಯೇಕವಾಗಿ ಕೇಳಬೇಕು. 'ಮಗುವಿಗೆ ಏನು ಮಾಡಿಬಿಟ್ಟಿದ್ದೀರಿ ನೋಡಿ' ಎನ್ನುವ ಬದಲು 'ಇವತ್ತಿನಿಂದ ಬಿಟ್ಟರೂ ಮಗುವಿಗೆ ಒಳ್ಳೆಯದೇ' ಎನ್ನಬೇಕು.

ಹದಿಹರೆಯದವರು ಬಂದಾಗ ಯಾವುದು ತಮ್ಮಿಬ್ಬರ ನಡುವೆ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆ. 'ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಅಪ್ಪ ಅಮ್ಮನಿಗೆ ಹೇಳಲೇಬೇಕಾಗುತ್ತೆ. ಆದರೆ ನಿನಗೆ ಹೇಳದೆ ಹೇಳೋದಿಲ್ಲ' ಎಂಬ ಮಾತನ್ನು ಹುಡುಗರು ಗೌರವಿಸುತ್ತಾರೆ. ಎಲ್ಲವನ್ನೂ ಗುಟ್ಟಾಗಿಡುವೆನೆಂದು ಹೇಳಿ ಮಾತು ತಪ್ಪಿದರೆ ಆ ಹುಡುಗ ಮತ್ತೆ ಯಾವ ವೈದ್ಯರನ್ನೂ ನಂಬಲಾರ.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ ಹಾಗೂ ಮಾದಕ ವಸ್ತುಗಳ ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅದರ 23ನೆಯ ಸೆಕ್ಷನ್ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡುತ್ತದೆ. ಚಿಕಿತ್ಸೆಗೆ ಅಗತ್ಯವಿರುವ ಇತರ ವೈದ್ಯರಿಗೆ ತಿಳಿಸುವುದು, ಜೀವಾಪಾಯ ತಡೆಯುವುದು, ನ್ಯಾಯಾಲಯದ ಆದೇಶ ಮುಂತಾದ ಕೆಲವು ವಿನಾಯಿತಿಗಳನ್ನು ಕಾಯಿದೆಯೇ ಹೇಳಿದೆ.

1985ರ ಮಾದಕ ವಸ್ತುಗಳ ಕಾಯಿದೆಯಲ್ಲಿಯೂ ಬಹಳ ಜನರಿಗೆ ತಿಳಿಯದ ಒಂದು ಅವಕಾಶವಿದೆ. ಅದರ 64ಎ ಸೆಕ್ಷನ್ ಪ್ರಕಾರ ಸೇವನೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆರೋಪ ಎದುರಿಸುವ ವ್ಯಸನಿ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಸೇರಿ ಅದನ್ನು ಪಡೆದರೆ ಆ ಆರೋಪದ ಮೇಲೆ ವಿಚಾರಣೆಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. ಪೊಲೀಸರ ಭಯದಿಂದ ಆಸ್ಪತ್ರೆಗೇ ಬಾರದ ಯುವಕರಿಗೆ ಈ ಮಾಹಿತಿ ಮುಟ್ಟಿಸುವುದು ಅಗತ್ಯ.

ಮತ್ತೆ ಆರಂಭಿಸಿದಾಗ

ಮೂರು ತಿಂಗಳು ಬಿಟ್ಟಿದ್ದವರು ಒಂದು ಮದುವೆಯಲ್ಲೋ ಸಾವಿನ ಮನೆಯಲ್ಲೋ ಮತ್ತೆ ಕುಡಿದರೆ, ಬಹಳಷ್ಟು ಮಂದಿ ವೈದ್ಯರ ಬಳಿ ಬರುವುದನ್ನೇ ನಿಲ್ಲಿಸುತ್ತಾರೆ. ಮುಖ ತೋರಿಸಲು ನಾಚಿಕೆ. ಆದ್ದರಿಂದ ಈ ಸಂಭವದ ಬಗ್ಗೆ ಮೊದಲೇ ಮಾತನಾಡಿರಬೇಕು: 'ಅಕಸ್ಮಾತ್ ಮತ್ತೆ ಕುಡಿದರೆ ಮಾರನೇ ದಿನವೇ ಬನ್ನಿ. ಬೈಯೋದಿಲ್ಲ. ಮಧುಮೇಹ ಏರಿದರೆ ಬರ್ತೀರಲ್ಲ, ಹಾಗೇ ಬನ್ನಿ.' ಬಂದಾಗ 'ಮತ್ತೆ ಶುರು ಮಾಡಿದಿರಾ?' ಎನ್ನದೆ 'ಬಂದದ್ದು ಒಳ್ಳೆಯದಾಯಿತು. ಏನಾಯಿತು ಹೇಳಿ' ಎಂದು ಬರಮಾಡಿಕೊಳ್ಳಬೇಕು. ಬಿಟ್ಟಿದ್ದ ಮೂರು ತಿಂಗಳೂ ವ್ಯರ್ಥವಲ್ಲ ಎಂಬುದನ್ನು ರೋಗಿಗೆ ಹೇಳುವವರು ವೈದ್ಯರೇ ಆಗಿರಬೇಕಾಗುತ್ತದೆ. ಮನೆಯಲ್ಲಿ ಯಾರೂ ಹಾಗೆ ಹೇಳುವ ಸ್ಥಿತಿಯಲ್ಲಿರುವುದಿಲ್ಲ.

ನೆರವು ಎಲ್ಲಿದೆ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿಯೂ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446. ತಂಬಾಕು ಬಿಡಲು ಇಚ್ಛಿಸುವವರಿಗೆ 1800-11-2356. ಸ್ವಸಹಾಯ ಗುಂಪುಗಳ ಪೈಕಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ನಗರಗಳಲ್ಲಿ ನಡೆಯುತ್ತವೆ. ಗ್ರಾಮೀಣ ಭಾಗದಲ್ಲಿ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ನವಜೀವನ ಸಮಿತಿಗಳೂ ಪರಿಚಿತವಾಗಿವೆ. ತೀವ್ರ ಅವಲಂಬನೆ ಇರುವವರು ಯಾವುದೇ ಶಿಬಿರಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುವುದು ಕ್ಷೇಮ.

ವಿಳಾಸದ ಚೀಟಿ ಬರೆದುಕೊಟ್ಟು ಕಳುಹಿಸಿದರೆ ತಲುಪುವವರು ಕಡಿಮೆ. ರೋಗಿಯ ಒಪ್ಪಿಗೆ ಪಡೆದು ಅವರೆದುರೇ ಆ ಕೇಂದ್ರಕ್ಕೆ ದೂರವಾಣಿ ಮಾಡಿ, ಯಾವ ದಿನ, ಯಾರನ್ನು ಕಾಣಬೇಕೆಂದು ಗೊತ್ತುಮಾಡಿಕೊಟ್ಟರೆ ತಲುಪುವ ಸಂಭವ ಹೆಚ್ಚು.

ಆರಂಭದಲ್ಲಿ ಹೇಳಿದ ತಾಲ್ಲೂಕು ಆಸ್ಪತ್ರೆಯ ವಾರ್ಡಿಗೆ ಮರಳುವುದಾದರೆ, ಅಲ್ಲಿ ಬೇಕಾಗಿದ್ದುದು ಹೊಸ ಯಂತ್ರವೂ ಅಲ್ಲ, ದುಬಾರಿ ಪರೀಕ್ಷೆಯೂ ಅಲ್ಲ. ಮಾವನನ್ನು ಎರಡು ನಿಮಿಷ ಹೊರಗೆ ಕಳುಹಿಸಿ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, 'ನಿಮ್ಮ ಚಿಕಿತ್ಸೆಗೆ ಗೊತ್ತಿರಬೇಕು ಅಂತ ಕೇಳ್ತಿದ್ದೀನಿ, ಕೊನೇ ಸಲ ಯಾವಾಗ ತಗೊಂಡಿದ್ರಿ?' ಎಂದು ಕೇಳಿದ್ದರ ಸಾಕಿತ್ತು. 'ನಿನ್ನೆ ರಾತ್ರಿ ಸಾರ್' ಎಂಬ ಎರಡೂವರೆ ಪದಗಳ ಉತ್ತರ ಮೂರನೆಯ ರಾತ್ರಿಯ ಅನಾಹುತವನ್ನು ತಪ್ಪಿಸಬಹುದಿತ್ತು.